ಹನ್ನೊಂದು ಮಂದಿ ಒಪ್ಪಿದ ನಟ: ರಾಷ್ಟ್ರಪ್ರಶಸ್ತಿ ಅರ್ಹ ಅಭಿನಯಕ್ಕೇ ಸಲ್ಲುತ್ತದೆಯೇ?

2025ರ ಆಗಸ್ಟ್ 1ರಂದು 71ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿ ಹೊರಬಿತ್ತು. ಅತ್ಯುತ್ತಮ ನಟ ಪ್ರಶಸ್ತಿ ‘ಜವಾನ್’ ಚಿತ್ರದ ಶಾರುಖ್ ಖಾನ್ ಮತ್ತು ‘12ತ್ ಫೇಲ್’ ಚಿತ್ರದ ವಿಕ್ರಾಂತ್ ಮಾಸ್ಸಿ ನಡುವೆ ಹಂಚಿಹೋಯಿತು. ಅತ್ಯುತ್ತಮ ನಟಿ, ‘ಮಿಸೆಸ್ ಚಟರ್ಜಿ ವರ್ಸಸ್ ನಾರ್ವೆ’ಯ ರಾಣಿ ಮುಖರ್ಜಿ. ಮಲಯಾಳಂನ ‘ಆಡುಜೀವಿತಂ’ ಚಿತ್ರಕ್ಕಾಗಿ ದೇಹವನ್ನೇ ಕರಗಿಸಿಕೊಂಡಿದ್ದ ಪೃಥ್ವಿರಾಜ್ ಹೆಸರು ಎಲ್ಲೂ ಇರಲಿಲ್ಲ. ಮಲಯಾಳಂನದೇ ‘ಉಳ್ಳೊಳುಕ್ಕ್’ ಚಿತ್ರಕ್ಕೆ ಪೋಷಕ ನಟಿ ಪ್ರಶಸ್ತಿ ಪಡೆದ ಊರ್ವಶಿ ಧನ್ಯವಾದ ಹೇಳಿ ಸುಮ್ಮನಾಗಲಿಲ್ಲ. ನನ್ನ ಪಾತ್ರ ಪೋಷಕ ಪಾತ್ರ ಎಂದು ಯಾವ ಅಳತೆಗೋಲಿನಿಂದ ತೀರ್ಮಾನಿಸಿದಿರಿ ಎಂದು ಬಹಿರಂಗವಾಗಿಯೇ ಕೇಳಿದರು.

ಅದರ ಹಿಂದಿನ ವರ್ಷ, 2024ರ ಆಗಸ್ಟ್ 16ರಂದು, ಇದೇ ಪ್ರಶಸ್ತಿ ‘ಕಾಂತಾರ’ದ ರಿಷಬ್ ಶೆಟ್ಟಿ ಅವರಿಗೆ ಬಂದಾಗ ಕರ್ನಾಟಕ ಹಬ್ಬ ಮಾಡಿತ್ತು. ಕೇರಳದವರು ಆಗಲೂ ಮುನಿಸಿಕೊಂಡಿದ್ದರು: ಮಮ್ಮುಟ್ಟಿ ಎಲ್ಲಿ ಎಂಬುದು ಅವರ ಪ್ರಶ್ನೆ. ಪ್ರತಿ ವರ್ಷವೂ ಒಂದು ರಾಜ್ಯಕ್ಕೆ ನ್ಯಾಯ ಸಿಕ್ಕಿರುತ್ತದೆ, ಇನ್ನೊಂದಕ್ಕೆ ಅನ್ಯಾಯವಾಗಿರುತ್ತದೆ. ಲಾಬಿ, ರಾಜಕೀಯ, ತಾರಾ ವರ್ಚಸ್ಸು ಎಂಬ ಮೂರು ಪದಗಳಲ್ಲಿ ಈ ಜಗಳ ಮುಗಿದುಹೋಗುತ್ತದೆ. ಆಯ್ಕೆಯ ಯಂತ್ರ ಹೇಗೆ ಓಡುತ್ತದೆ ಎಂದು ನೋಡಿದರೆ ಬೇರೆಯೇ ಒಂದು ಚಿತ್ರ ಕಾಣುತ್ತದೆ. ಯಾರೂ ಮೋಸ ಮಾಡದಿದ್ದರೂ ಅತ್ಯುತ್ತಮ ಅಭಿನಯ ಸೋಲಬಹುದಾದ ಜಾಗಗಳು ಆ ಯಂತ್ರದೊಳಗೇ ಇವೆ.

ಎಣಿಕೆಗೆ ಬರುವುದು ಬಿಡುಗಡೆಯ ದಿನವಲ್ಲ

ಮೊದಲ ಗೊಂದಲ ವರ್ಷದ್ದು. 2025ರಲ್ಲಿ ಘೋಷಣೆಯಾದದ್ದು 2023ನೇ ಸಾಲಿನ ಪ್ರಶಸ್ತಿ. ಇಲ್ಲಿ ಸಾಲು ಎಂದರೆ ಚಿತ್ರ ಥಿಯೇಟರಿಗೆ ಬಂದ ವರ್ಷವಲ್ಲ, ಸೆನ್ಸಾರ್ ಪ್ರಮಾಣಪತ್ರದ ಮೇಲಿರುವ ವರ್ಷ. ಜನವರಿ 1ರಿಂದ ಡಿಸೆಂಬರ್ 31ರೊಳಗೆ ಸೆನ್ಸಾರ್ ಆದ ಚಿತ್ರಗಳೆಲ್ಲ ಒಂದು ಬುಟ್ಟಿಗೆ. ಊರ್ವಶಿ ನಟಿಸಿದ ‘ಉಳ್ಳೊಳುಕ್ಕ್’ ಪ್ರೇಕ್ಷಕರ ಮುಂದೆ ಬಂದದ್ದು 2024ರ ಜೂನ್‌ನಲ್ಲಿ, ‘ಆಡುಜೀವಿತಂ’ ಬಂದದ್ದು 2024ರ ಮಾರ್ಚ್‌ನಲ್ಲಿ. ಎರಡೂ ಸ್ಪರ್ಧಿಸಿದ್ದು 2023ರ ಚಿತ್ರಗಳ ಜೊತೆ.

ಇದು ಬರೀ ಗುಮಾಸ್ತರ ಲೆಕ್ಕವಲ್ಲ, ಯಾರ ಎದುರು ಯಾರು ಎನ್ನುವುದನ್ನು ನಿರ್ಧರಿಸುವುದೇ ಈ ದಿನಾಂಕ. ಡಿಸೆಂಬರ್ ಕೊನೆಯ ವಾರದಲ್ಲಿ ಸೆನ್ಸಾರ್ ಆದ ಚಿತ್ರ ನಾಲ್ಕು ದಿನ ತಡವಾಗಿದ್ದರೆ ಬೇರೆಯೇ ಗುಂಪಿನ ನಟರೊಡನೆ ತೂಗಿಸಿಕೊಳ್ಳುತ್ತಿತ್ತು. ಓಟದ ಸ್ಪರ್ಧೆಯಲ್ಲಾದರೆ ಗಡಿಯಾರ ಇರುತ್ತದೆ, ಯಾವ ವರ್ಷ ಓಡಿದರೂ ಸೆಕೆಂಡು ಸೆಕೆಂಡೇ. ಅಭಿನಯಕ್ಕೆ ಅಂಥ ಗಡಿಯಾರ ಇಲ್ಲದ ಕಾರಣ ಪಕ್ಕದಲ್ಲಿ ಯಾರಿದ್ದಾರೆ ಎಂಬುದೇ ಅರ್ಧ ಫಲಿತಾಂಶ.

ಅರ್ಜಿ ಹಾಕದವರು ಕಣದಲ್ಲೇ ಇಲ್ಲ

ಎರಡನೆಯ ಗೊಂದಲ ಇನ್ನೂ ದೊಡ್ಡದು. ತೀರ್ಪುಗಾರರು ಆ ವರ್ಷದ ಭಾರತೀಯ ಚಿತ್ರಗಳನ್ನೆಲ್ಲ ನೋಡಿ ಆರಿಸುತ್ತಾರೆ ಎಂದು ಬಹಳ ಜನ ನಂಬಿದ್ದಾರೆ. ಅವರು ನೋಡುವುದು ನಿರ್ಮಾಪಕರು ಕಳುಹಿಸಿದ ಚಿತ್ರಗಳನ್ನು ಮಾತ್ರ. ಪ್ರಶಸ್ತಿಯ ಆಡಳಿತ ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಕೈಯಲ್ಲಿದೆ, ಮೊದಲು ಚಲನಚಿತ್ರೋತ್ಸವ ನಿರ್ದೇಶನಾಲಯ ನೋಡಿಕೊಳ್ಳುತ್ತಿತ್ತು. ನಿರ್ಮಾಪಕ ಗಡುವಿನೊಳಗೆ ಅರ್ಜಿ ತುಂಬಬೇಕು, ಸೆನ್ಸಾರ್ ಪತ್ರ ಲಗತ್ತಿಸಬೇಕು, ಇಂಗ್ಲಿಷ್ ಸಬ್‌ಟೈಟಲ್ ಇರುವ ಪ್ರತಿ ಒದಗಿಸಬೇಕು. ಇದರಲ್ಲಿ ಒಂದು ತಪ್ಪಿದರೂ ಆ ಚಿತ್ರದ ನಟ, ನಟಿ, ಛಾಯಾಗ್ರಾಹಕ ಎಲ್ಲರೂ ಒಟ್ಟಿಗೆ ಹೊರಗೆ.

2024ರಲ್ಲಿ ಮಮ್ಮುಟ್ಟಿ ವಿಷಯದಲ್ಲಿ ಆದದ್ದು ಇದೇ. ‘ನನ್‌ಪಗಲ್ ನೇರತ್ತ್ ಮಯಕ್ಕಂ’ ಅಭಿನಯವನ್ನು ಕಡೆಗಣಿಸಿದರು ಎಂದು ಗದ್ದಲವೆದ್ದಾಗ, ಮಮ್ಮುಟ್ಟಿ ನಟಿಸಿದ ಒಂದು ಚಿತ್ರವೂ ನಮ್ಮ ಮುಂದೆ ಬಂದಿರಲಿಲ್ಲ ಎಂದು ದಕ್ಷಿಣದ ಚಿತ್ರಗಳನ್ನು ಮೊದಲು ಸೋಸುವ ಪ್ರಾದೇಶಿಕ ತಂಡದ ಸದಸ್ಯರೊಬ್ಬರು ಹೇಳಿದರು. ರಿಷಬ್ ಶೆಟ್ಟಿ ಮಮ್ಮುಟ್ಟಿಯನ್ನು ಸೋಲಿಸಿದರು ಎಂಬ ಮಾತಿಗೂ, ಮಮ್ಮುಟ್ಟಿಗೆ ಅನ್ಯಾಯವಾಯಿತು ಎಂಬ ಮಾತಿಗೂ ಆಧಾರವೇ ಇರಲಿಲ್ಲ. ಅವರಿಬ್ಬರ ನಡುವೆ ಪಂದ್ಯವೇ ನಡೆದಿರಲಿಲ್ಲ.

ಗಮನಿಸಬೇಕಾದ್ದು, ಅರ್ಜಿ ಹಾಕುವ ಹಕ್ಕು ನಟನದ್ದಲ್ಲ. ಅಭಿನಯ ಅವನದು, ಕಾಗದಪತ್ರ ನಿರ್ಮಾಪಕನದು. ಇಬ್ಬರ ನಡುವೆ ಸಂಭಾವನೆಯ ತಗಾದೆ ಇದ್ದರೆ, ನಿರ್ಮಾಣ ಸಂಸ್ಥೆ ಬಾಗಿಲು ಮುಚ್ಚಿದ್ದರೆ, ಅಥವಾ ಸುಮ್ಮನೆ ಉದಾಸೀನ ಮಾಡಿದರೆ, ನಟ ಮಾಡುವಂಥದ್ದು ಏನೂ ಇಲ್ಲ.

ಎರಡು ಜರಡಿಗಳು

71ನೇ ಪ್ರಶಸ್ತಿಗೆ ಬಂದಿದ್ದ ಕಥಾಚಿತ್ರಗಳು 332. ಅಷ್ಟನ್ನೂ ಒಂದೇ ತಂಡ ನೋಡಲಾಗದು. ಹಾಗಾಗಿ 2009ರ ಸಾಲಿನಿಂದ ಎರಡು ಹಂತದ ವ್ಯವಸ್ಥೆ ಬಂತು. ಮೊದಲ ಹಂತದಲ್ಲಿ ಉತ್ತರ, ಪಶ್ಚಿಮ, ಪೂರ್ವ, ದಕ್ಷಿಣ ಒಂದು, ದಕ್ಷಿಣ ಎರಡು ಎಂಬ ಐದು ಪ್ರಾದೇಶಿಕ ತಂಡಗಳು. ಕನ್ನಡ, ತೆಲುಗು ಚಿತ್ರಗಳು ಒಂದು ತಂಡಕ್ಕೆ, ತಮಿಳು, ಮಲಯಾಳಂ ಇನ್ನೊಂದಕ್ಕೆ. ಇವರು ಸೋಸಿ ಕಳುಹಿಸಿದ ಚಿತ್ರಗಳನ್ನು ದೆಹಲಿಯ ಹನ್ನೊಂದು ಮಂದಿಯ ಕೇಂದ್ರ ತಂಡ ನೋಡುತ್ತದೆ. ಪ್ರಾದೇಶಿಕ ತಂಡಗಳ ಅಧ್ಯಕ್ಷರು ಕೇಂದ್ರ ತಂಡದಲ್ಲೂ ಕೂರುತ್ತಾರೆ. ಮೊದಲ ಹಂತದಲ್ಲಿ ಬಿದ್ದ ಚಿತ್ರವನ್ನು ಮತ್ತೆ ತರಿಸಿಕೊಂಡು ನೋಡುವ ಅಧಿಕಾರ ಕೇಂದ್ರ ತಂಡಕ್ಕಿದೆ. ಆದರೆ ಅದಕ್ಕೆ ಯಾರಾದರೂ ಆ ಚಿತ್ರದ ಹೆಸರು ಎತ್ತಬೇಕು. ಹೆಸರಿಲ್ಲದ ನಟನ ಸಣ್ಣ ಚಿತ್ರದ ಬಗ್ಗೆ ಆ ಕೋಣೆಯಲ್ಲಿ ಯಾರಿಗೆ ತಾನೆ ನೆನಪಿರುತ್ತದೆ?

ಕೆಲಸದ ಭಾರ ಎಷ್ಟು ಎಂದು ಒಂದು ಅಂದಾಜು ಹಾಕಿ ನೋಡಬಹುದು. 332 ಚಿತ್ರಗಳನ್ನು ಐದು ತಂಡಗಳಿಗೆ ಸಮನಾಗಿ ಹಂಚಿದರೆ ತಂಡಕ್ಕೆ 66. (ವಾಸ್ತವದಲ್ಲಿ ಸಮನಾಗಿರುವುದಿಲ್ಲ, ಕೆಲವು ಭಾಷೆಗಳ ರಾಶಿ ದೊಡ್ಡದು.) ಒಂದೊಂದು ಎರಡೂಕಾಲು ಗಂಟೆ ಎಂದರೂ ಸುಮಾರು 150 ಗಂಟೆ. ದಿನಕ್ಕೆ ನಾಲ್ಕು ಚಿತ್ರ, ಅಂದರೆ ಒಂಬತ್ತು ಗಂಟೆ ಕತ್ತಲಲ್ಲಿ ಕೂತರೂ ಹದಿನಾರು, ಹದಿನೇಳು ದಿನ.

ದಿನಕ್ಕೆ ನಾಲ್ಕು ಚಿತ್ರ ನೋಡುವವನ ಕಣ್ಣು ಒಂದೇ ಸಮ ಕೆಲಸ ಮಾಡುವುದಿಲ್ಲ. ಬೆಳಗಿನ ಮೊದಲ ಚಿತ್ರದಲ್ಲಿ ಕಂಡ ಸೂಕ್ಷ್ಮ ಊಟವಾದ ಮೇಲಿನ ಚಿತ್ರದಲ್ಲಿ ಜಾರಿಹೋಗುತ್ತದೆ. ಮೂರು ಸಪ್ಪೆ ಚಿತ್ರಗಳ ನಂತರ ಬಂದ ಸಾಧಾರಣ ಅಭಿನಯ ಅಮೃತದಂತೆ ಕಾಣುತ್ತದೆ, ಒಂದು ಅದ್ಭುತದ ಬೆನ್ನಿಗೆ ಬಂದ ಒಳ್ಳೆಯ ಅಭಿನಯ ಮಂಕಾಗುತ್ತದೆ. ಹದಿನೈದನೆಯ ದಿನ ಮೊದಲ ದಿನದ್ದರಲ್ಲಿ ನೆನಪಿರುವುದು ಅತ್ತ ದೃಶ್ಯ, ಕೂಗಿದ ದೃಶ್ಯ, ಕೊನೆಯ ದೃಶ್ಯ. ಮೆಲುದನಿಯ ಅಭಿನಯಕ್ಕೆ ಇಲ್ಲಿ ಮೊದಲ ಪೆಟ್ಟು ಬೀಳುತ್ತದೆ.

ಎರಡನೆಯ ಪೆಟ್ಟು ಭಾಷೆಯದು. ಕೇಂದ್ರ ತಂಡದ ಹೆಚ್ಚಿನವರು ಕನ್ನಡ ಚಿತ್ರವನ್ನು ಪರದೆಯ ಕೆಳಗಿನ ಇಂಗ್ಲಿಷ್ ಸಾಲಿನ ಮೂಲಕ ನೋಡುತ್ತಾರೆ. ಕುಂದಾಪುರದ ಕನ್ನಡಕ್ಕೂ ಮಂಡ್ಯದ ಕನ್ನಡಕ್ಕೂ ಇರುವ ವ್ಯತ್ಯಾಸ ಅದರಲ್ಲಿ ಇಲ್ಲ. ಬೆಂಗಳೂರಿನ ನಟನೊಬ್ಬ ಧಾರವಾಡದ ಮಾತನ್ನು ತಪ್ಪಿಲ್ಲದೆ ಆಡಿದನೇ ಇಲ್ಲವೇ ಎಂಬುದು ನಮಗೆ ಎರಡು ವಾಕ್ಯದಲ್ಲಿ ತಿಳಿಯುತ್ತದೆ. ಗುವಾಹಟಿಯಿಂದ ಬಂದ ತೀರ್ಪುಗಾರನಿಗೆ ತಿಳಿಯಲು ದಾರಿಯಿಲ್ಲ, ಹಾಗೆಯೇ ಅಸ್ಸಾಮಿ ಚಿತ್ರದ ಮುಂದೆ ನಮಗೂ ಇಲ್ಲ. ಕಣ್ಣು ಕೆಳಗಿನ ಸಾಲು ಓದುತ್ತಿರುವ ಆ ಒಂದೂವರೆ ಸೆಕೆಂಡಿನಲ್ಲಿ ನಟನ ಮುಖದಲ್ಲಿ ಹಾದುಹೋದದ್ದೂ ತಪ್ಪಿಹೋಗುತ್ತದೆ. ಹಾಗಾಗಿ ಮಾತಿನ ಅಭಿನಯಕ್ಕಿಂತ ಮೈಯ ಅಭಿನಯ ಭಾಷೆಯ ಗಡಿಯನ್ನು ಸಲೀಸಾಗಿ ದಾಟುತ್ತದೆ.

ಅಭಿನಯದಲ್ಲಿ ನಟನ ಪಾಲೆಷ್ಟು?

‘ಕಾಂತಾರ’ದ ಕೊನೆಯ ಭಾಗವನ್ನೇ ತೆಗೆದುಕೊಳ್ಳಿ. ನಾಯಕ ಶಿವನ ಮೈಮೇಲೆ ಗುಳಿಗ ದೈವ ಬಂದ ಮೇಲೆ ರಿಷಬ್‌ಗೆ ವಾಕ್ಯಗಳಿಲ್ಲ, ಕೂಗು ಇದೆ. ಕಣ್ಣುಗುಡ್ಡೆಯ ಹೊರಳು, ಸೊಂಟದಿಂದ ಮೇಲೆ ಅದುರುವ ಮೈ, ನಡುವೆ ತಟ್ಟನೆ ನಿಂತು ದೃಷ್ಟಿ ಇಡುವ ಕ್ಷಣ. ಅಬ್ಬರಕ್ಕಿಂತ ಆ ನಿಲ್ಲುವಿಕೆ ಕಷ್ಟ: ಆವೇಶದಲ್ಲಿರುವ ದೇಹ ನಿಂತಾಗಲೂ ಆವೇಶ ಇಳಿದಂತೆ ಕಾಣಬಾರದು. ಆದರೆ ಅದೇ ನಿಮಿಷಗಳಲ್ಲಿ ಬಿ. ಅಜನೀಶ್ ಲೋಕನಾಥ್ ಅವರ ಸಂಗೀತ ಇದೆ, ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ ಇದೆ, ಮುಖವರ್ಣಿಕೆ ಇದೆ, ಭೂತಾರಾಧನೆಯ ಪರಂಪರೆಯೇ ಕೊಟ್ಟ ಚಲನೆಗಳಿವೆ. ಪ್ರೇಕ್ಷಕನ ರೋಮ ಎದ್ದು ನಿಂತದ್ದು ನಿಜ. ಅದರಲ್ಲಿ ನಟನ ಪಾಲು ರೂಪಾಯಿಗೆ ಎಷ್ಟಾಣೆ ಎಂದು ಬೇರ್ಪಡಿಸಲು ಸಂಗೀತ ತೆಗೆದ ಪ್ರತಿಯನ್ನೇನೂ ತೀರ್ಪುಗಾರರಿಗೆ ತೋರಿಸುವುದಿಲ್ಲ.

ಧ್ವನಿಯ ಪ್ರಶ್ನೆ ಇನ್ನೂ ತೊಡಕಿನದು. ‘ಆಪ್ತಮಿತ್ರ’ದ ನಾಗವಲ್ಲಿಯನ್ನು ಬಲ್ಲ ಕನ್ನಡಿಗರಿಗೆ ಅದರ ಮಲಯಾಳಂ ಮೂಲ ‘ಮಣಿಚಿತ್ರತ್ತಾಳ್’ ಗೊತ್ತಿರುತ್ತದೆ. ಅದರ ಅಭಿನಯಕ್ಕೆ ಶೋಭನಾ 1993ರ ಸಾಲಿನ ಅತ್ಯುತ್ತಮ ನಟಿಯಾದರು. ಪರದೆಯ ಮೇಲೆ ಕೇಳುವ ಗಂಗಾಳ ಧ್ವನಿ ಭಾಗ್ಯಲಕ್ಷ್ಮಿಯವರದು, ನಾಗವಲ್ಲಿಯ ತಮಿಳು ಧ್ವನಿ ದುರ್ಗಾ ಅವರದು. ಒಬ್ಬಳೇ ಹೆಣ್ಣು ಇಬ್ಬರಾಗುವ ಕಥೆಯಲ್ಲಿ ಆ ಇಬ್ಬರಾಗುವಿಕೆಯ ಅರ್ಧ ಧ್ವನಿಯಲ್ಲೇ ಇದೆ. ಶೋಭನಾ ಅವರ ಕಣ್ಣು, ಕೈ, ನೃತ್ಯ ಪ್ರಶಸ್ತಿಗೆ ಯೋಗ್ಯವಲ್ಲ ಎಂದು ಹೇಳುವವರು ಯಾರೂ ಇರಲಾರರು. ಆದರೆ ಪ್ರಶಸ್ತಿಪತ್ರದಲ್ಲಿ ಇದ್ದದ್ದು ಒಂದೇ ಹೆಸರು.

ಪಾತ್ರವನ್ನು ಅಭಿನಯವೆಂದು ತಪ್ಪು ತಿಳಿಯುವುದು ಇನ್ನೊಂದು ಸಾಮಾನ್ಯ ದೋಷ. ತೂಕ ಇಳಿಸಿದವರು, ಮುದುಕರಾಗಿ ಕಾಣಿಸಿಕೊಂಡವರು, ಬದುಕಿರುವ ಸಾಧಕರ ಪಾತ್ರ ಮಾಡಿದವರು ಬೇಗ ಕಣ್ಣಿಗೆ ಬೀಳುತ್ತಾರೆ. ಅವರ ಶ್ರಮ ಕಾಣುತ್ತದೆ. ಕಾಣದಂತೆ ಮಾಡುವುದೇ ಶ್ರಮವಾಗಿರುವ ಪಾತ್ರಗಳ ಕಥೆ ಬೇರೆ. ‘ತಬರನ ಕಥೆ’ಯ ಚಾರುಹಾಸನ್‌ಗೆ 1986ರ ಸಾಲಿನ ಪ್ರಶಸ್ತಿ ಬಂದದ್ದು ಇದಕ್ಕೆ ಅಪವಾದದಂತಿದೆ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಮುನಿಸಿಪಾಲಿಟಿ ಜವಾನ ಅವನು. ಮೇಜಿನ ಆಚೆಗಿರುವ ಗುಮಾಸ್ತನ ಮುಂದೆ ಬಾಗುವ ಬೆನ್ನಿನ ಕೋನ ಚಿತ್ರದುದ್ದಕ್ಕೂ ಬದಲಾಗುತ್ತದೆ. ಅದನ್ನು ಗುರುತಿಸುವ ಕಣ್ಣು ಆ ವರ್ಷದ ಕೋಣೆಯಲ್ಲಿತ್ತು. ಪ್ರತಿ ವರ್ಷ ಇರುತ್ತದೆ ಎಂದು ಹೇಳಲಾಗದು.

ನಾಯಕಿಯೋ, ಪೋಷಕಿಯೋ

ಊರ್ವಶಿ ಕೇಳಿದ ಪ್ರಶ್ನೆಗೆ ಮರಳೋಣ, ಏಕೆಂದರೆ ಇಡೀ ವಿವಾದದಲ್ಲಿ ಅತ್ಯಂತ ಗಟ್ಟಿಯಾದ ಪ್ರಶ್ನೆ ಅದೇ. ‘ಉಳ್ಳೊಳುಕ್ಕ್’ ಅತ್ತೆ ಮತ್ತು ಸೊಸೆಯ ಕಥೆ. ಮಳೆನೀರು ತುಂಬಿದ ಮನೆಯಲ್ಲಿ ಮಗನ ಶವಸಂಸ್ಕಾರಕ್ಕಾಗಿ ಕಾಯುವ ಅತ್ತೆಯಾಗಿ ಊರ್ವಶಿ, ಸೊಸೆಯಾಗಿ ಪಾರ್ವತಿ ತಿರುವೋತ್ತ್. ಇದೇ ಅಭಿನಯಕ್ಕೆ 2024ರಲ್ಲಿ ಕೇರಳ ರಾಜ್ಯ ಪ್ರಶಸ್ತಿಯ ತೀರ್ಪುಗಾರರು ಊರ್ವಶಿಯನ್ನು ಅತ್ಯುತ್ತಮ ನಟಿ ಎಂದು ಆರಿಸಿದ್ದರು (ಆ ಪ್ರಶಸ್ತಿ ಬೀನಾ ಆರ್. ಚಂದ್ರನ್ ಜೊತೆ ಹಂಚಿಹೋಗಿತ್ತು). ತಿರುವನಂತಪುರದಲ್ಲಿ ನಾಯಕಿಯಾಗಿದ್ದವರು ದೆಹಲಿಗೆ ಹೋಗುವಷ್ಟರಲ್ಲಿ ಪೋಷಕ ನಟಿಯಾದರು. ಪೃಥ್ವಿರಾಜ್ ಕೂಡ ಅದೇ ರಾಜ್ಯ ಪ್ರಶಸ್ತಿಯಲ್ಲಿ ‘ಆಡುಜೀವಿತಂ’ಗಾಗಿ ಅತ್ಯುತ್ತಮ ನಟ.

‘ಪೂಕ್ಕಾಲಂ’ನ ವಿಜಯರಾಘವನ್ ಪ್ರಕರಣವೂ ಇಂಥದ್ದೇ. ನೂರು ವರ್ಷದ ಮುದುಕನ ಸುತ್ತಲೇ ತಿರುಗುವ ಚಿತ್ರದಲ್ಲಿ ಆ ಮುದುಕನಾದವರಿಗೆ ಪೋಷಕ ನಟ ಪ್ರಶಸ್ತಿ. ಇಲ್ಲಿ ದೆಹಲಿಯನ್ನಷ್ಟೇ ದೂರಿದರೆ ತಪ್ಪಾಗುತ್ತದೆ, ಕೇರಳ ರಾಜ್ಯ ಪ್ರಶಸ್ತಿಯೂ ಅವರನ್ನು ಕೂರಿಸಿದ್ದು ಸ್ವಭಾವ ನಟರ, ಅಂದರೆ ಪೋಷಕ ಪಾತ್ರಧಾರಿಗಳ ಸಾಲಿನಲ್ಲೇ.

ರಾಷ್ಟ್ರಪ್ರಶಸ್ತಿಗಳಲ್ಲಿ ಅಭಿನಯದ ವಿಭಾಗ ಶುರುವಾದದ್ದು 1967ರ ಚಿತ್ರಗಳಿಂದ. ನಟನ ಪ್ರಶಸ್ತಿಗೆ ‘ಭರತ್’ ಎಂದೂ ನಟಿಯ ಪ್ರಶಸ್ತಿಗೆ ‘ಊರ್ವಶಿ’ ಎಂದೂ ಹೆಸರಿತ್ತು. ಪೋಷಕ ವಿಭಾಗ ಸೇರಿದ್ದು 1984ರ ಸಾಲಿನಲ್ಲಿ. ಉದ್ದೇಶ ಒಳ್ಳೆಯದೇ, ಸಣ್ಣ ಪಾತ್ರದಲ್ಲಿ ಮಿಂಚಿದವರು ನಾಯಕರ ನೆರಳಲ್ಲಿ ಕಳೆದುಹೋಗಬಾರದು ಎಂಬುದು. ಆದರೆ ಯಾವುದು ಪೋಷಕ ಪಾತ್ರ? ತೆರೆಯ ಮೇಲಿನ ನಿಮಿಷಗಳಿಂದ ಅಳೆಯಬೇಕೆ, ಕಥೆ ಯಾರ ನಿರ್ಧಾರದಿಂದ ಮುಂದೆ ಸಾಗುತ್ತದೆ ಎಂದು ನೋಡಬೇಕೆ, ಪೋಸ್ಟರಿನಲ್ಲಿ ಯಾರ ಹೆಸರು ಮೊದಲಿದೆ ಎಂದೆ? ಗೆರೆ ಎಳೆಯುವುದು ತೀರ್ಪುಗಾರರ ವಿವೇಚನೆ.

ಅಳತೆ ಇಲ್ಲದ ಕಡೆ ಅಭ್ಯಾಸ ಬಂದು ಕೂರುತ್ತದೆ. ವಯಸ್ಸಾದ ನಟಿ ಎಂದರೆ ಅಮ್ಮ, ಅತ್ತೆ. ಅಮ್ಮ, ಅತ್ತೆ ಎಂದರೆ ಪೋಷಕ ಪಾತ್ರ. ಊರ್ವಶಿಗೆ 2005ರ ಸಾಲಿನಲ್ಲೂ ಬಂದದ್ದು ಪೋಷಕ ನಟಿ ಪ್ರಶಸ್ತಿಯೇ, ‘ಅಚ್ಚುವಿಂಟೆ ಅಮ್ಮ’ ಚಿತ್ರಕ್ಕೆ. ಅಚ್ಚುವಿನ ಅಮ್ಮ ಎಂದು ಶೀರ್ಷಿಕೆಯಲ್ಲೇ ಇರುವ ಆ ಅಮ್ಮ ಊರ್ವಶಿ! ‘ಊರ್ವಶಿ’ ಎಂಬ ಹೆಸರಿದ್ದ ಪ್ರಶಸ್ತಿ ಊರ್ವಶಿಗೆ ಇನ್ನೂ ಸಿಕ್ಕಿಲ್ಲ.

ಇದರ ಪರಿಣಾಮ ಇಬ್ಬರಿಗೆ ತಟ್ಟುತ್ತದೆ. ನಾಯಕಿಯ ಪಟ್ಟಿಯಲ್ಲಿ ಸ್ಪರ್ಧಿಸಬೇಕಾದ ಅಭಿನಯ ಅಲ್ಲಿಂದ ಕಾಣೆಯಾಗಿ, ಆ ಸ್ಪರ್ಧೆ ಸುಲಭವಾಗುತ್ತದೆ. ಪೋಷಕ ವಿಭಾಗದಲ್ಲಿ ಎಂಟು ನಿಮಿಷದ ಪಾತ್ರದಲ್ಲಿ ಜೀವ ತುಂಬಿದವಳು ತೊಂಬತ್ತು ನಿಮಿಷದ ಪಾತ್ರದೊಡನೆ ಸೆಣಸಬೇಕಾಗುತ್ತದೆ. ಯಾರಿಗಾಗಿ ಈ ವಿಭಾಗ ಮಾಡಿದರೋ ಅವರೇ ಸೋಲುತ್ತಾರೆ.

ಅಡ್ಡಗೋಡೆಯ ಮೇಲಿನ ದೀಪ

ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದು ಕುತೂಹಲದ ಸಂಗತಿ ಕಾಣುತ್ತದೆ. 66ನೇ ಪ್ರಶಸ್ತಿಯಲ್ಲಿ ಅತ್ಯುತ್ತಮ ನಟರು ಇಬ್ಬರು: ಆಯುಷ್ಮಾನ್ ಖುರಾನಾ, ವಿಕಿ ಕೌಶಲ್. 67ರಲ್ಲಿ ಮನೋಜ್ ಬಾಜಪೇಯಿ, ಧನುಷ್. 68ರಲ್ಲಿ ಸೂರ್ಯ, ಅಜಯ್ ದೇವಗನ್. 69ರಲ್ಲಿ ಅಲ್ಲು ಅರ್ಜುನ್ ಒಬ್ಬರೇ, ಆದರೆ ನಟಿಯರು ಇಬ್ಬರು: ಆಲಿಯಾ ಭಟ್, ಕೃತಿ ಸನೊನ್. 70ರಲ್ಲಿ ರಿಷಬ್ ಒಬ್ಬರೇ, ನಟಿಯರು ಮತ್ತೆ ಇಬ್ಬರು: ನಿತ್ಯಾ ಮೆನನ್, ಮಾನಸಿ ಪಾರೇಖ್. 71ರಲ್ಲಿ ಶಾರುಖ್, ವಿಕ್ರಾಂತ್. ಆರು ವರ್ಷ, ಆರರಲ್ಲೂ ಎರಡು ಮುಖ್ಯ ಪ್ರಶಸ್ತಿಗಳಲ್ಲಿ ಒಂದು ಹಂಚಿಕೆ. ಎರಡು ಅಭಿನಯಗಳು ಕೂದಲೆಳೆಯೂ ವ್ಯತ್ಯಾಸವಿಲ್ಲದಂತೆ ಸಮಸಮ ಬರುವುದು ಅಪರೂಪ. ಆರು ವರ್ಷವೂ ಬಂದರೆ ಅದು ಅಭಿನಯದ ಗುಣವಲ್ಲ, ಸಮಿತಿಯ ಗುಣ. ನಮ್ಮಲ್ಲಿ ಇದಕ್ಕೆ ಅಡ್ಡಗೋಡೆಯ ಮೇಲೆ ದೀಪ ಇಡುವುದು ಎನ್ನುತ್ತಾರೆ. ಬೆಳಕು ಎರಡೂ ಕಡೆಗೆ.

ಸಮಿತಿ ಏಕೆ ಹೀಗೆ ಮಾಡುತ್ತದೆ ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ರಾಮ, ಭೀಮ, ಸೋಮ ಎಂಬ ಮೂವರು ನಟರು ಕೊನೆಯ ಸುತ್ತಿನಲ್ಲಿದ್ದಾರೆ, ತೀರ್ಪುಗಾರರು ಹನ್ನೊಂದು ಎಂದುಕೊಳ್ಳಿ. ಐವರ ಪ್ರಕಾರ ರಾಮ ಮೊದಲು, ಸೋಮ ಎರಡನೆಯವ, ಭೀಮ ಕೊನೆ. ನಾಲ್ವರ ಪ್ರಕಾರ ಭೀಮ, ಸೋಮ, ರಾಮ. ಉಳಿದಿಬ್ಬರ ಪ್ರಕಾರ ಸೋಮ, ಭೀಮ, ರಾಮ.

ಮೊದಲ ಆಯ್ಕೆಯನ್ನಷ್ಟೇ ಎಣಿಸಿದರೆ ಐದು ಮತದ ರಾಮ ಗೆದ್ದ. ಕಡಿಮೆ ಮತದ ಸೋಮನನ್ನು ಕೈಬಿಟ್ಟು ಇನ್ನೊಂದು ಸುತ್ತು ಮಾಡಿದರೆ ಅವನ ಎರಡು ಮತ ಭೀಮನಿಗೆ ಹೋಗುತ್ತವೆ. ಆರಕ್ಕೆ ಐದರಿಂದ ಭೀಮ ಗೆದ್ದ. ಮೊದಲ ಸ್ಥಾನಕ್ಕೆ ಮೂರು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು ಅಂಕ ಕೊಟ್ಟರೆ ರಾಮನಿಗೆ 21, ಭೀಮನಿಗೂ 21, ಸೋಮನಿಗೆ 24. ಅದೇ ಹನ್ನೊಂದು ಮಂದಿ, ಅದೇ ಮೂರು ಅಭಿನಯ, ಯಾರ ಅಭಿಪ್ರಾಯವೂ ಬದಲಾಗಿಲ್ಲ. ಎಣಿಸುವ ವಿಧಾನ ಬದಲಾದಂತೆ ಮೂರು ಬೇರೆ ಬೇರೆ ‘ಅತ್ಯುತ್ತಮ ನಟ’ರು.

ಐವರು ರಾಮನೇ ಎಂದು ಪಟ್ಟು ಹಿಡಿದರೆ, ನಾಲ್ವರು ಭೀಮನನ್ನು ಬಿಡದಿದ್ದರೆ, ಸಂಜೆಯಾಗುತ್ತಾ ಬಂದಿದ್ದರೆ? ಇಬ್ಬರಿಗೂ ಕೊಡೋಣ ಎಂಬ ನಾಲ್ಕನೆಯ ದಾರಿ ಬಾಗಿಲಲ್ಲೇ ನಿಂತಿರುತ್ತದೆ. ಕೈಗೆ ಬರುವ ಎರಡು ಲಕ್ಷ ರೂಪಾಯಿಯನ್ನು ಇಬ್ಬರು ಹಂಚಿಕೊಂಡರಾಯಿತು. ಆದರೆ ಹೆಚ್ಚಿನವರಿಗೆ ಎರಡನೆಯವನಾಗಿ ಹಿಡಿಸಿದ ಸೋಮನ ಹೆಸರು, ಅಂಕದ ಲೆಕ್ಕದಲ್ಲಿ ಗೆಲ್ಲಬೇಕಾದವನ ಹೆಸರು, ಹೊರಗೆ ಯಾರಿಗೂ ತಿಳಿಯುವುದೇ ಇಲ್ಲ. ಅಂತಿಮ ಸುತ್ತಿಗೆ ಬಂದವರ ಪಟ್ಟಿಯನ್ನು ರಾಷ್ಟ್ರಪ್ರಶಸ್ತಿ ಪ್ರಕಟಿಸುವುದಿಲ್ಲ.

ತಾರೆಯರ ಕಡೆ ವಾಲಿದೆಯೇ?

ಈ ಆರು ವರ್ಷಗಳ ಹತ್ತು ಅತ್ಯುತ್ತಮ ನಟರಲ್ಲಿ ಹಿಂದಿಯವರು ಆರು, ತಮಿಳಿನವರು ಇಬ್ಬರು, ತೆಲುಗು ಮತ್ತು ಕನ್ನಡದಿಂದ ಒಬ್ಬೊಬ್ಬರು. ಅದರ ಹಿಂದಿನ ಆರು ವರ್ಷಗಳಲ್ಲಿ, ಅಂದರೆ 60ರಿಂದ 65ರವರೆಗೆ, ಎಂಟು ಮಂದಿಯಲ್ಲಿ ಹಿಂದಿಯವರು ನಾಲ್ವರು; ಮರಾಠಿ, ಮಲಯಾಳಂ, ಕನ್ನಡ, ಬಂಗಾಳಿಯಿಂದ ಒಬ್ಬೊಬ್ಬರು. ಭಾಷೆಗಿಂತ ದೊಡ್ಡ ಬದಲಾವಣೆ ಚಿತ್ರದ ಗಾತ್ರದಲ್ಲಿದೆ. ಆಗಿನ ಪಟ್ಟಿಯಲ್ಲಿ ಸೂರಜ್ ವೆಂಜಾರಮೂಡು, ಸಂಚಾರಿ ವಿಜಯ್ ಅವರಂಥವರು ಹೆಚ್ಚಿನವರು ನೋಡಿಯೇ ಇರದ ಚಿತ್ರಗಳಿಂದ ಬಂದಿದ್ದರು. ಈಚಿನ ಪಟ್ಟಿಯಲ್ಲಿ ಮನೋಜ್ ಬಾಜಪೇಯಿ ಅವರ ‘ಭೋಂಸ್ಲೆ’ಯಂಥ ಒಂದೆರಡು ಬಿಟ್ಟರೆ ಉಳಿದವೆಲ್ಲ ಜನ ಮುಗಿಬಿದ್ದು ನೋಡಿದ ಚಿತ್ರಗಳು.

ಇದನ್ನು ಸಮರ್ಥಿಸುವವರ ವಾದ ತಳ್ಳಿಹಾಕುವಂಥದ್ದಲ್ಲ. ಸಾವಿರಾರು ಜನರ ಮುಂದೆ ಎರಡು ಪಾತ್ರ ಹೊತ್ತು ಮೂರು ಗಂಟೆ ಚಿತ್ರವನ್ನು ನಿಲ್ಲಿಸುವುದೂ ಕಲೆಯೇ. ಸಿಳ್ಳೆ ಬಿದ್ದ ಕೂಡಲೇ ಅಭಿನಯ ಅಗ್ಗವಾಗುವುದಿಲ್ಲ. ಕಲಾತ್ಮಕ ಚಿತ್ರಕ್ಕೇ ಪ್ರಶಸ್ತಿ ಎಂಬ ಹಳೆಯ ಒಲವೂ ಒಂದು ಪಕ್ಷಪಾತವೇ ಆಗಿತ್ತು. ನಮ್ಮ ಡಾ. ರಾಜ್‌ಕುಮಾರ್ ಅದಕ್ಕೆ ಸಾಕ್ಷಿ. ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬರಲೇ ಇಲ್ಲ. ‘ಜೀವನ ಚೈತ್ರ’ಕ್ಕೆ ಬಂದದ್ದು ಅತ್ಯುತ್ತಮ ಗಾಯಕ ಪ್ರಶಸ್ತಿ. ಕನ್ನಡ ಚಿತ್ರಗಳಿಂದ ಆ ಪ್ರಶಸ್ತಿ ಪಡೆದ ನಟರು ನಾಲ್ವರೇ: ‘ಚೋಮನ ದುಡಿ’ಯ ಎಂ.ವಿ. ವಾಸುದೇವರಾವ್, ಚಾರುಹಾಸನ್, ಸಂಚಾರಿ ವಿಜಯ್, ರಿಷಬ್. ಮೊದಲ ಮೂವರ ಚಿತ್ರಗಳೂ ಗಾಂಧಿನಗರದ ಮುಖ್ಯರಸ್ತೆಯವಲ್ಲ.

ವಿರೋಧಿಸುವವರ ವಾದ ಬೇರೆ. ಶಾರುಖ್‌ಗೆ ಮೂರು ದಶಕಗಳಲ್ಲಿ ಇದು ಮೊದಲ ರಾಷ್ಟ್ರಪ್ರಶಸ್ತಿ. ಅವರ ಅಭಿನಯವೆಂದು ಜನ ನೆನೆಯುವ ಚಿತ್ರಗಳು ಬೇರೆ, ಪ್ರಶಸ್ತಿ ಬಂದ ಚಿತ್ರ ಬೇರೆ. ಇದು ಈ ಅಭಿನಯಕ್ಕೆ ಕೊಟ್ಟದ್ದೇ, ಹಳೆಯ ಬಾಕಿ ತೀರಿಸಿದ್ದೇ? ಬಾಕಿ ತೀರಿಸುವುದು ಮಾನವೀಯವೇ, ಆದರೆ ಅದರ ಬೆಲೆ ತೆರುವವರು ಆ ವರ್ಷದ ಇತರ ನಟರು. ಇಂದು ವಂಚಿತನಾದವನಿಗೆ ಹತ್ತು ವರ್ಷದ ಮೇಲೆ ಮತ್ತೊಬ್ಬರ ಪಾಲಿನಿಂದ ಕೊಡಬೇಕಾಗುತ್ತದೆ.

ಹಿತಾಸಕ್ತಿಯ ಪ್ರಶ್ನೆ 2017ರಲ್ಲಿ ನೇರವಾಗಿ ಎದ್ದಿತ್ತು. 64ನೇ ಪ್ರಶಸ್ತಿಯಲ್ಲಿ ‘ರುಸ್ತುಂ’ಗಾಗಿ ಅಕ್ಷಯ್ ಕುಮಾರ್ ಗೆದ್ದಾಗ ತೀರ್ಪುಗಾರರ ಅಧ್ಯಕ್ಷರಾಗಿದ್ದವರು ಪ್ರಿಯದರ್ಶನ್, ಅಕ್ಷಯ್ ಅವರ ಹಲವು ಯಶಸ್ವಿ ಚಿತ್ರಗಳ ನಿರ್ದೇಶಕ. ಟೀಕೆ ಬಂದಾಗ ಪ್ರಿಯದರ್ಶನ್, ರಮೇಶ್ ಸಿಪ್ಪಿ ಅಧ್ಯಕ್ಷರಿದ್ದಾಗ ಅಮಿತಾಭ್‌ಗೆ, ಪ್ರಕಾಶ್ ಝಾ ಇದ್ದಾಗ ಅಜಯ್ ದೇವಗನ್‌ಗೆ ಬಂದಿತ್ತಲ್ಲ, ಆಗ ಯಾರೂ ಕೇಳಲಿಲ್ಲವಲ್ಲ ಎಂಬ ಅರ್ಥದಲ್ಲಿ ಉತ್ತರಿಸಿದರು. ಸಮರ್ಥನೆಯಾಗಿ ಹೇಳಿದ ಮಾತು ದೂರಿನ ಪಟ್ಟಿಯನ್ನೇ ಉದ್ದ ಮಾಡಿತು. ಚಿತ್ರರಂಗ ಬಲ್ಲವರೇ ತೀರ್ಪುಗಾರರಾಗಬೇಕೆಂದರೆ, ಅವರಿಗೆ ನಟರ ಜೊತೆ ಕೆಲಸ ಮಾಡಿದ ಚರಿತ್ರೆ ಇದ್ದೇ ಇರುತ್ತದೆ. ತಡೆಯಬೇಕಾದ್ದು ಪರಿಚಯವನ್ನಲ್ಲ, ಪರಿಚಯವಿರುವ ಹೆಸರು ಚರ್ಚೆಗೆ ಬಂದಾಗ ಆ ಸದಸ್ಯ ಮತದಿಂದ ಹಿಂದೆ ಸರಿದರೇ ಎಂಬುದು ಹೊರಗಿನವರಿಗೆ ತಿಳಿಯಬೇಕು.

ಆಸ್ಕರ್‌ನಲ್ಲಿ ಬೇರೆಯೇ?

ಅಲ್ಲಿ ಯಂತ್ರ ಬೇರೆ, ದೋಷವೂ ಬೇರೆ. ಅಕಾಡೆಮಿಯ ನಟರ ವಿಭಾಗ ಐವರನ್ನು ನಾಮನಿರ್ದೇಶನ ಮಾಡುತ್ತದೆ, ಆಮೇಲೆ ಸಾವಿರಾರು ಸದಸ್ಯರೆಲ್ಲ ಮತ ಹಾಕುತ್ತಾರೆ. ಐವರ ನಡುವೆ ಮತ ಒಡೆದರೆ ಶೇ 20ಕ್ಕಿಂತ ತುಸು ಹೆಚ್ಚು ಬಂದವರೂ ಗೆಲ್ಲಬಹುದು. ಚಿತ್ರ ನೋಡದೆ ಮತ ಹಾಕುತ್ತಾರೆ ಎಂಬ ದೂರು ಎಷ್ಟು ಹಳೆಯದೆಂದರೆ, ವಿಭಾಗದ ಎಲ್ಲ ಚಿತ್ರಗಳನ್ನು ನೋಡಿದವರಷ್ಟೇ ಅಂತಿಮ ಮತ ಹಾಕಬೇಕು ಎಂಬ ನಿಯಮವನ್ನು 2025ರಲ್ಲಿ ತರಬೇಕಾಯಿತು. ಪ್ರಚಾರಕ್ಕೆ ಸ್ಟುಡಿಯೋಗಳು ಸುರಿಯುವ ಹಣದ ಮಾತೇ ಬೇಡ. ನಮ್ಮ ತೀರ್ಪುಗಾರರು ಕಡೇಪಕ್ಷ ಒಟ್ಟಿಗೆ ಕೂತು ಚಿತ್ರ ನೋಡುತ್ತಾರೆ, ವಾದ ಮಾಡುತ್ತಾರೆ. ಆದರೆ ಸೋತ ನಾಲ್ವರು ಯಾರು ಎಂದು ಅಲ್ಲಿನ ಪ್ರೇಕ್ಷಕನಿಗೆ ಗೊತ್ತಿರುತ್ತದೆ, ನಮಗಿಲ್ಲ.

ಇದರಿಂದ ಯಾರಿಗೆ ಏನಾಗುತ್ತದೆ

ದೊಡ್ಡ ತಾರೆಗೆ ಪ್ರಶಸ್ತಿ ಬಂದರೆ ಕಪಾಟಿಗೆ ಒಂದು ಪದಕ ಸೇರುತ್ತದೆ, ಅಷ್ಟೇ. ಬರದಿದ್ದರೂ ಅವರ ಮುಂದಿನ ಚಿತ್ರಕ್ಕೆ ತೊಂದರೆಯಿಲ್ಲ. ಸಣ್ಣ ಚಿತ್ರದ ನಟನಿಗೆ ಲೆಕ್ಕ ಬೇರೆ. ‘ನಾನು ಅವನಲ್ಲ ಅವಳು’ ಚಿತ್ರಮಂದಿರಕ್ಕೆ ಬಂದದ್ದೇ ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿ ಘೋಷಣೆಯಾದ ಮೇಲೆ. ರಂಗಭೂಮಿಯ ಆಚೆಗೆ ಆ ಹೆಸರು ಬಹುಪಾಲು ಕನ್ನಡಿಗರ ಕಿವಿಗೆ ಬಿದ್ದದ್ದೂ ಆಗಲೇ. ಇಂಥ ಚಿತ್ರದ ನಿರ್ಮಾಪಕನಿಗೆ ಪ್ರಶಸ್ತಿಯೇ ಪೋಸ್ಟರು, ಪ್ರಶಸ್ತಿಯೇ ಬಿಡುಗಡೆಯ ಬಂಡವಾಳ. ಜನ ಈಗಾಗಲೇ ನೋಡಿರುವ ಅಭಿನಯಗಳ ಕಡೆಗೇ ಪ್ರಶಸ್ತಿ ಸರಿಯುತ್ತ ಹೋದರೆ, ಅಂಥವರು ಅರ್ಜಿ ಹಾಕುವ ಉಮೇದನ್ನೇ ಕಳೆದುಕೊಳ್ಳುತ್ತಾರೆ. ಅವರು ಹಾಕದಿದ್ದಷ್ಟೂ ಬುಟ್ಟಿಯಲ್ಲಿ ಉಳಿಯುವುದು ದೊಡ್ಡ ಚಿತ್ರಗಳೇ.

ತಡವೂ ಒಂದು ಪೆಟ್ಟು. ಕರ್ನಾಟಕ ರಾಜ್ಯ ಸರ್ಕಾರ 2019ನೇ ಸಾಲಿನ ಚಲನಚಿತ್ರ ಪ್ರಶಸ್ತಿಗಳನ್ನು ಪ್ರಕಟಿಸಿದ್ದು 2025ರ ಜನವರಿಯಲ್ಲಿ. ‘ಪೈಲ್ವಾನ್’ಗಾಗಿ ಅತ್ಯುತ್ತಮ ನಟ ಎಂದು ಆಯ್ಕೆಯಾದ ಸುದೀಪ್, ಪ್ರಶಸ್ತಿ ಸ್ವೀಕರಿಸುವುದನ್ನು ಹಲವು ವರ್ಷಗಳ ಹಿಂದೆಯೇ ನಿಲ್ಲಿಸಿದ್ದೇನೆ, ಅರ್ಹರು ಬೇರೆ ಇದ್ದಾರೆ ಎಂದು ವಿನಯದಿಂದ ನಿರಾಕರಿಸಿದರು. ಅವರು ಹಾಗೆ ಹೇಳಬಲ್ಲರು. ಐದು ವರ್ಷದ ಹಿಂದೆ ಒಂದೇ ಚಿತ್ರದಲ್ಲಿ ನಟಿಸಿ, ಅವಕಾಶ ಸಿಗದೆ ಊರಿಗೆ ಮರಳಿದವರಿಗೆ ಈಗ ಬಂದ ಪ್ರಶಸ್ತಿಪತ್ರದಿಂದ ಹೊಸ ಪಾತ್ರ ಸಿಗುವುದು ಕಷ್ಟ.

ಸರಿಪಡಿಸಲು ಹೊಸ ಕಾನೂನೇನೂ ಬೇಕಿಲ್ಲ. ಘೋಷಣೆಯ ದಿನವೇ ಅಂತಿಮ ಸುತ್ತಿನ ಐದು ಹೆಸರುಗಳನ್ನು ಹೊರಗಿಟ್ಟರೆ ಯಾರು ಸ್ಪರ್ಧೆಯಲ್ಲಿದ್ದರು ಎಂಬ ಊಹಾಪೋಹ ಅರ್ಧ ಇಳಿಯುತ್ತದೆ. ನಾಯಕ, ಪೋಷಕ ಎಂಬುದನ್ನು ಚಿತ್ರ ನೋಡಿದ ಕೂಡಲೇ, ಅಭಿನಯದ ಚರ್ಚೆಗೆ ಮೊದಲೇ, ಬರಹದಲ್ಲಿ ಗೊತ್ತುಮಾಡಿದರೆ ನಾಯಕಿಯ ಪಟ್ಟಿಯಲ್ಲಿ ಜಾಗ ಸಾಲದಾಗ ಒಬ್ಬರನ್ನು ಪಕ್ಕದ ಪಟ್ಟಿಗೆ ಸರಿಸುವ ದಾರಿ ಮುಚ್ಚುತ್ತದೆ. ಮತ ಎಣಿಸುವ ವಿಧಾನವನ್ನು ಮೊದಲ ಚಿತ್ರದ ದೀಪ ಆರುವ ಮುನ್ನ ತೀರ್ಮಾನಿಸಿದರೆ ಹಂಚಿಕೆಯ ಹಂಗು ಕಡಿಮೆಯಾಗುತ್ತದೆ. ಧ್ವನಿ ಬೇರೆಯವರದಾಗಿದ್ದರೆ ಪ್ರಶಸ್ತಿಪತ್ರದಲ್ಲಿ ಆ ಹೆಸರನ್ನೂ ಬರೆಯಬಹುದು, ಒಂದು ಸಾಲಿನ ಕೆಲಸ. ಇನ್ನು ಅರ್ಜಿಯ ವಿಷಯ: ನಿರ್ಮಾಪಕ ಕಳುಹಿಸದ ಚಿತ್ರವನ್ನು ನಿರ್ದೇಶಕನೋ ನಟನೋ ಕಳುಹಿಸಲು ಅವಕಾಶ ಕೊಟ್ಟರೆ ಸಾಕು, ಮುಂದಿನ ಸಲ ಯಾರನ್ನು ಯಾರು ಸೋಲಿಸಿದರು ಎಂಬ ಜಗಳವಾದರೂ ನಿಜವಾದ ಪಂದ್ಯದ ಮೇಲೆ ನಡೆಯುತ್ತದೆ.